ಕ್ಯಾಲಬಾಸಸ್ ಪತ್ರ – 11: ಬಾಗಿಲ ಹೊರಗೆ ಕೂತವರು ತೆರೆದ ಬಾಗಿಲು



ಕಳೆದ ಸಲ ಸ್ಯಾನ್ ಡಿಯಾಗೊದ ಹಳೇ ಮಿಷನ್ ಇಗರ್ಜಿಯ ಕಥೆ ಬರೆದಿದ್ದೆ. 1775ರ ನವೆಂಬರಿನಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಕುಮೆಯಾಯ್ ಜನ ರಾತ್ರಿ ದಾಳಿ ಮಾಡಿ ಕಟ್ಟಡ ಸುಟ್ಟದ್ದು, ಪಾದ್ರಿ ಲೂಯಿಸ್ ಹೈಮೆಯವರನ್ನು ಕೊಂದದ್ದು, ಆಮೇಲೆ ಮಿಷನ್‌ಗಳ ಹಿರಿಯ ಪಾದ್ರಿ ಹುನಿಪೆರೊ ಸೆರಾ ಅವರು ಮೆಕ್ಸಿಕೊದಲ್ಲಿದ್ದ ವೈಸ್‌ರಾಯ್‌ಗೆ ಪತ್ರ ಬರೆದು ಕೊಂದವರನ್ನು ಕ್ಷಮಿಸಬೇಕೆಂದು ಕೇಳಿಕೊಂಡದ್ದು. ತುಂಬ ಜನ ಓದಿ ಮೆಚ್ಚಿದ್ರಿ. ಚಿಕ್ಕಮ್ಮ ಮಾತ್ರ ಫೋನಿನಲ್ಲಿ ಕೇಳಿದ್ರು: "ಅಲ್ಲ ಮಗಾ, ಅವರ ಜಾಗಕ್ಕೆ ಇವರೇ ಹೋಗಿ ಕೂತದ್ದಲ್ವ? ಕೋವಿ ಇದ್ದವನು ಕ್ಷಮಿಸುವುದು ಎಂತ ದೊಡ್ಡದು? ಪೆಟ್ಟು ತಿಂದವನು ಕ್ಷಮಿಸಿದ ಕಥೆ ಉಂಟಾ, ಅದನ್ನು ಬರಿ."

ಉಂಟು ಚಿಕ್ಕಮ್ಮ. ಅದೂ ಇಲ್ಲಿಯೇ, ಲಾಸ್ ಏಂಜಲೀಸ್ ಊರೊಳಗೆ. ನಾನಿರುವ ಕ್ಯಾಲಬಾಸಸ್‌ನಿಂದ 101 ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್. ಬೆಳಗ್ಗಿನ ಹೊತ್ತು ಹೊರಟರೆ ಕಾರ್ಕಳದಿಂದ ಮಂಗಳೂರಿಗೆ ಹೋಗಿ ಬಂದಷ್ಟು ಹೊತ್ತು ಬರೀ ಹೋಗಲಿಕ್ಕೇ ಬೇಕು, ಅದು ಬೇರೆ ವಿಷಯ. ಲಿಟಲ್ ಟೋಕಿಯೊ ಅಂತ ಒಂದು ಪೇಟೆ, ಜಪಾನೀಯರ ಹೋಟೆಲು ಅಂಗಡಿಗಳಿರುವ ಜಾಗ. ಅದರ ನಡುವೆ ಅಜೂಸಾ ಸ್ಟ್ರೀಟ್ ಎಂಬ ಒಂದು ಗಲ್ಲಿ. ಈಗ ನೋಡಿದರೆ ಏನೂ ಇಲ್ಲ. 1906ರಲ್ಲಿ ಅಲ್ಲಿ ನಡೆದದ್ದರಿಂದ ಇವತ್ತು ಪ್ರಪಂಚದಲ್ಲಿ ಕೋಟಿಗಟ್ಟಲೆ ಪೆಂಟೆಕೋಸ್ಟಲ್ ಕ್ರೈಸ್ತರಿದ್ದಾರೆ. ನಮ್ಮಲ್ಲೂ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿ ಮೇಲೆ, ಬಾಡಿಗೆ ಹಾಲಿನಲ್ಲಿ ಭಾನುವಾರ ಚಪ್ಪಾಳೆ ತಟ್ಟಿ ಹಾಡುವ ಸಭೆಗಳನ್ನು ನೀವು ಕಂಡಿರುತ್ತೀರಿ. ಆ ರೀತಿಯ ಆರಾಧನೆಯ ಒಂದು ದೊಡ್ಡ ಬೇರು ಈ ಗಲ್ಲಿಯಲ್ಲಿ ಉಂಟು.

ಆದರೆ ನಾನು ಬರೆಯಲಿಕ್ಕೆ ಹೊರಟದ್ದು ಅವರ ಅನ್ಯಭಾಷೆ, ಪವಾಡಗಳ ಬಗ್ಗೆ ಅಲ್ಲ. ಆ ಬಾಗಿಲು ತೆರೆದವರು ಯಾರು, ಅವರಿಗೆ ಅದಕ್ಕಿಂತ ಮೊದಲು ಏನಾಗಿತ್ತು ಎಂಬುದು ನನಗೆ ಮುಖ್ಯ.

ಅವರ ಹೆಸರು ವಿಲಿಯಂ ಜೋಸೆಫ್ ಸೇಮೂರ್. 1870ರ ಮೇ 2ರಂದು ಲೂಸಿಯಾನಾ ರಾಜ್ಯದ ಸೆಂಟರ್‌ವಿಲ್ ಎಂಬಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿ ಬದುಕಿ, ಬಿಡುಗಡೆಯಾದವರು. ಲೂಸಿಯಾನಾ ಎಂದರೆ ಕಬ್ಬಿನ ತೋಟಗಳ ನಾಡು. ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು, ಗದ್ದೆಯಲ್ಲಿ ಹೋಗಿರಲಿಲ್ಲ. ನಮ್ಮಲ್ಲಿ ಮೂಲದ ಹೊಲೆಯಾಳುಗಳ ಕಥೆ ಕೇಳಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇಮೂರ್ ಉತ್ತರದ ಊರುಗಳಿಗೆ ಹೋಗಿ ಇಂಡಿಯಾನಾಪೊಲಿಸ್‌ನಲ್ಲಿ ಹೋಟೆಲ್ ಮಾಣಿಯ ಕೆಲಸ ಮಾಡಿದರು. ಸಿನ್ಸಿನಾಟಿಯಲ್ಲಿ ಸಿಡುಬು ಬಂದು ಎಡಗಣ್ಣಿನ ದೃಷ್ಟಿ ಹೋಯಿತು. ಸಿಡುಬು ಕಣ್ಣಿನ ಕಪ್ಪುಗುಡ್ಡೆಗೆ ಹತ್ತಿದರೆ ಹಾಗೆಯೇ, ಬಿಳೀ ಕಲೆ ಉಳಿದುಬಿಡುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಊರಿಗೆ ಇಬ್ಬರು ಮೂವರು ಅಂಥವರಿದ್ದರು. ಆ ಜ್ವರದಿಂದ ಎದ್ದ ಮೇಲೆ ಸೇಮೂರ್ ಉಪದೇಶಿ ಆಗುತ್ತೇನೆ ಎಂದು ನಿಶ್ಚಯಿಸಿಕೊಂಡರು.

1905ರ ಹೊತ್ತಿಗೆ ಟೆಕ್ಸಾಸಿನ ಹ್ಯೂಸ್ಟನ್‌ಗೆ ಬಂದರು. ಅಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬಿಳಿಯ ಉಪದೇಶಿ ಒಂದು ಬೈಬಲ್ ಶಾಲೆ ತೆರೆದಿದ್ದರು. ಸೇಮೂರ್ ಕಲಿಯಬೇಕು ಎಂದರು. ಬಿಳಿಯರನ್ನೂ ಕರಿಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಲಿಕ್ಕೆ ಅಲ್ಲಿಯ ಕಾನೂನು ಬಿಡುತ್ತಿರಲಿಲ್ಲ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೀಗೆ ಬೇರೆ ಬೇರೆ ಕೂರಿಸುವುದು ಸರಿ ಎಂದು ತೀರ್ಪು ಕೊಟ್ಟಿತ್ತು. ಪಾರ್ಹಮ್ ಒಂದು ಉಪಾಯ ಮಾಡಿದರು. ಬಾಗಿಲು ತೆರೆದಿಡುತ್ತೇನೆ, ನೀನು ಹೊರಗೆ ಕೂತು ಕೇಳು. ಸೇಮೂರ್ ಹಾಗೆಯೇ ಕೂತರು. 35 ವರ್ಷದ ಗಂಡಸು, ಒಂದು ಕಣ್ಣು ಇಲ್ಲದವರು, ಕಲಿಯುವ ಆಸೆಯಿಂದ ಬಾಗಿಲ ಹೊರಗೆ.

ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಶಾಲೆಯ ಜಗಲಿಯಲ್ಲಿ ಕೂತು, ಕಿಟಕಿಯಿಂದ ಪಾಠ ಕೇಳಿ ಅಕ್ಷರ ಕಲಿತ ಅಜ್ಜಂದಿರು ಎಷ್ಟು ಮಂದಿ ಇದ್ದರು! ಅವರ ಮೊಮ್ಮಕ್ಕಳು ಈ ಪತ್ರ ಓದುತ್ತಿದ್ದಾರೆ ಅಂತ ನನಗೆ ಗೊತ್ತುಂಟು.

1906ರ ಫೆಬ್ರವರಿ 22ರಂದು ಸೇಮೂರ್ ಲಾಸ್ ಏಂಜಲೀಸ್‌ಗೆ ಬಂದರು. ಆಗ ಇದು ಉಬ್ಬುತ್ತಿದ್ದ ಊರು. 1900ರಲ್ಲಿ ಒಂದು ಲಕ್ಷ ಜನ ಇದ್ದದ್ದು 1910ಕ್ಕೆ ಮೂರು ಲಕ್ಷ ದಾಟಿತು. ಸಾಂಟಾ ಫೆ ಅವೆನ್ಯೂ ಎಂಬಲ್ಲಿ ಜೂಲಿಯಾ ಹಚಿನ್ಸ್ ಎಂಬ ಕರಿಯ ಮಹಿಳೆ ನಡೆಸುತ್ತಿದ್ದ ಒಂದು ಸಣ್ಣ ಪ್ರಾರ್ಥನಾ ಮಂದಿರಕ್ಕೆ ಅವರನ್ನು ಕರೆಸಿದ್ದರು. ಪಾರ್ಹಮ್‌ನಿಂದ ಕಲಿತದ್ದನ್ನು ಸೇಮೂರ್ ಉಪದೇಶ ಮಾಡಿದರು: ಪವಿತ್ರಾತ್ಮ ಬಂದರೆ ಮನುಷ್ಯ ಅನ್ಯಭಾಷೆಯಲ್ಲಿ ಮಾತಾಡುತ್ತಾನೆ. ಹಚಿನ್ಸ್ ಅವರಿಗೆ ಇದು ಹಿಡಿಸಲಿಲ್ಲ. ಕೆಲವೇ ದಿನ ಕಳೆದು ಸೇಮೂರ್ ಪ್ರಾರ್ಥನೆಗೆ ಬಂದರೆ ಬಾಗಿಲಿಗೆ ಬೀಗ.

ಗಮನಿಸಿ, ಇದು ಬಿಳಿಯರು ಹಾಕಿದ ಬೀಗ ಅಲ್ಲ. ಟೆಕ್ಸಾಸಿನಲ್ಲಿ ಬಾಗಿಲ ಹೊರಗೆ ಕೂರಿಸಿದರು, ಅದಕ್ಕೆ ಬಣ್ಣ ಕಾರಣ. ಇಲ್ಲಿ ತಮ್ಮವರೇ ಬಾಗಿಲು ಹಾಕಿದರು. ಎರಡನೆಯದು ಹೆಚ್ಚು ಉರಿಯುತ್ತದೆ, ಅಲ್ವಾ? ಹೊರಗಿನವನ ಮಾತು ಚರ್ಮಕ್ಕೆ, ಮನೆಯವರ ಮಾತು ಮೂಳೆಗೆ.

ಊರಿಗೆ ಹಿಂದೆ ಹೋಗಲು ಕೈಯಲ್ಲಿ ದುಡ್ಡಿಲ್ಲ. ಎಡ್ವರ್ಡ್ ಲೀ ಎಂಬ ಬಡ ಗೃಹಸ್ಥರು ಮನೆಯಲ್ಲಿ ಜಾಗ ಕೊಟ್ಟರು. ಪ್ರಾರ್ಥನೆಗೆ ಜನ ಹೆಚ್ಚಾದಾಗ ನಾರ್ತ್ ಬಾನಿ ಬ್ರೇ ಬೀದಿಯಲ್ಲಿ ರಿಚರ್ಡ್ ಮತ್ತು ರೂತ್ ಆಸ್ಬರಿ ದಂಪತಿಯ ಮನೆಗೆ ಹೋದರು. ಅಲ್ಲಿಗೆ ಬರುತ್ತಿದ್ದವರು ಹೆಚ್ಚಿನವರು ಮನೆಗೆಲಸದವರು, ಬಟ್ಟೆ ಒಗೆಯುವವರು, ಜಾಡಮಾಲಿಗಳು. ಏಪ್ರಿಲ್ 9ರ ರಾತ್ರಿ ಅಲ್ಲಿ ಅನ್ಯಭಾಷೆಯ ಪ್ರಾರ್ಥನೆ ಶುರುವಾಯಿತು. ಮುಂದಿನ ದಿನಗಳಲ್ಲಿ ಜನ ನುಗ್ಗಿ ನುಗ್ಗಿ ಮನೆಯ ಜಗಲಿಯೇ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಇನ್ನು ಮನೆಯಲ್ಲಿ ಆಗಲಿಕ್ಕಿಲ್ಲ ಎಂದು ಗೊತ್ತಾಯಿತು.

ಹುಡುಕಿದಾಗ ಸಿಕ್ಕಿದ್ದು 312, ಅಜೂಸಾ ಸ್ಟ್ರೀಟ್. ಮೊದಲು ಕರಿಯರ ಮೆಥಡಿಸ್ಟ್ ಚರ್ಚು ಆಗಿದ್ದ ಮರದ ಕಟ್ಟಡ. ಅವರು ಬಿಟ್ಟುಹೋದ ಮೇಲೆ ಗೋದಾಮು, ಕೆಳಗೆ ಕುದುರೆ ಲಾಯ. ಉದ್ದ 60 ಅಡಿ, ಅಗಲ 40 ಅಡಿ, ತಗ್ಗು ಮಾಡು. ತಿಂಗಳಿಗೆ 8 ಡಾಲರ್ ಬಾಡಿಗೆ. ಗೊಬ್ಬರ ಗುಡಿಸಿ ತೆಗೆದು, ನೆಲಕ್ಕೆ ಮರದ ಹೊಟ್ಟು ಹಾಕಿದರು. ಖಾಲಿ ಮೊಳೆ ಡಬ್ಬಗಳ ಮೇಲೆ ಹಲಗೆ ಇಟ್ಟರೆ ಅದೇ ಬೆಂಚು. ಎರಡು ಮರದ ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೆ ಅದೇ ಉಪದೇಶದ ಪೀಠ. ಸೇಮೂರ್ ಎಷ್ಟೋ ಸಲ ಉಪದೇಶವನ್ನೇ ಮಾಡದೆ, ಆ ಪೆಟ್ಟಿಗೆಯೊಳಗೆ ತಲೆಯಿಟ್ಟು ಪ್ರಾರ್ಥಿಸುತ್ತ ಕೂರುತ್ತಿದ್ದರಂತೆ. ಪೀಠ ನಡುವಿನಲ್ಲಿ, ಜನ ಸುತ್ತ. ಮುಂದಿನ ಸಾಲು ಹಿಂದಿನ ಸಾಲು ಎಂಬುದು ಹೆಚ್ಚು ಉಳಿಯಲಿಲ್ಲ.

ಅದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಎಲ್ಲಿ ಕೂರುವುದು ಎಂಬುದರಲ್ಲೇ ಎಲ್ಲ ಇರುವುದು. ನಮ್ಮ ಊಟದ ಪಂಕ್ತಿಯಲ್ಲಿ ಇಲ್ಲವಾ!

ವಾರದ ಏಳೂ ದಿನ, ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ. ಸುಮಾರು ಮೂರು ವರ್ಷ ಹೀಗೆ ನಡೆಯಿತು. ಕಾಣಿಕೆ ತಟ್ಟೆ ಹಿಡಿದು ಯಾರೂ ಸುತ್ತು ಬರುತ್ತಿರಲಿಲ್ಲ. ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಇತ್ತು, ಹಾಕುವವರು ಹಾಕಬಹುದು. ಬಂದವರು ಯಾರೆಂದರೆ ಕರಿಯರು, ಬಿಳಿಯರು, ಮೆಕ್ಸಿಕೊದವರು (ಅಬುಂಡಿಯೊ ಮತ್ತು ರೋಸಾ ಲೋಪೆಸ್ ಎಂಬ ದಂಪತಿಯ ಹೆಸರು ದಾಖಲೆಯಲ್ಲುಂಟು), ಯುರೋಪಿನಿಂದ ವಲಸೆ ಬಂದವರು. ಹೆಂಗಸರು ಎದ್ದು ಉಪದೇಶ ಮಾಡುತ್ತಿದ್ದರು. ಆಗ ಅಮೆರಿಕದ ಹೆಚ್ಚಿನ ಹೆಂಗಸರಿಗೆ ಓಟು ಸಹ ಇರಲಿಲ್ಲ. ಫ್ರಾಂಕ್ ಬಾರ್ಟಲ್‌ಮನ್ ಎಂಬ ಬಿಳಿಯ ಪತ್ರಕರ್ತ-ಉಪದೇಶಿ ಅಲ್ಲಿಗೇ ಹೋಗಿ ಬರುತ್ತಿದ್ದವರು. ಆ ಕೋಣೆಯಲ್ಲಿ ಬಣ್ಣದ ಗೆರೆ ಅಳಿಸಿಯೇ ಹೋಗಿತ್ತು ಎಂಬ ಅರ್ಥದಲ್ಲಿ ಆಮೇಲೆ ಬರೆದಿದ್ದಾರೆ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಗೆ ಮಾತ್ರ ಅದೊಂದು ಹುಚ್ಚರ ಸಂತೆಯಾಗಿ ಕಂಡಿತು. ಏಪ್ರಿಲ್ 18ರ ಸಂಚಿಕೆಯಲ್ಲಿ ಗೇಲಿ ಮಾಡಿ ವರದಿ ಹಾಕಿದರು. ಅದೇ ಬೆಳಗ್ಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ಭೂಕಂಪ. ಹೆದರಿದ ಜನ ಪ್ರಾರ್ಥನೆಗೆ ಇನ್ನೂ ಹೆಚ್ಚು ಬಂದರು. ಗೇಲಿಯಿಂದ ಪುಕ್ಕಟೆ ಪ್ರಚಾರ ಸಿಕ್ಕಿತು ಎಂದರೂ ತಪ್ಪಲ್ಲ.

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರುತ್ತೇನೆ.

ಬೀಗ ಹಾಕಿದ ಜೂಲಿಯಾ ಹಚಿನ್ಸ್ ಏನಾದರು? ಅವರೂ ಅಜೂಸಾಕ್ಕೆ ಬಂದರು. ಹೊರಗೆ ಹಾಕಿದವನ ಮುಂದೆಯೇ ಕೂತರು. ಸೇಮೂರ್ ಅವರನ್ನು ಕಾಯಿಸಲಿಲ್ಲ, ಹಿಂದಿನ ಬೆಂಚು ತೋರಿಸಲಿಲ್ಲ. 1906ರ ಸೆಪ್ಟೆಂಬರಿನಿಂದ ಅಜೂಸಾದವರು ಒಂದು ಪತ್ರಿಕೆ ತರುತ್ತಿದ್ದರು. ಅದರಲ್ಲಿ ಹಚಿನ್ಸ್ ಅವರ ಸಾಕ್ಷ್ಯವನ್ನೇ ಅಚ್ಚು ಮಾಡಿದರು. ಆಮೇಲೆ ಅವರು ಆಫ್ರಿಕದ ಲೈಬೀರಿಯಾಕ್ಕೆ ಮಿಷನರಿಯಾಗಿ ಹೊರಟರು, ಇದೇ ಅಜೂಸಾದ ಜನರ ಪ್ರಾರ್ಥನೆ, ಬೆಂಬಲದೊಂದಿಗೆ. ಬೀಗ ಹಾಕಿದ ದಿನದಿಂದ ಒಂದೆರಡು ವರ್ಷದೊಳಗೆ ಇಷ್ಟೆಲ್ಲ. ಈ ಕಥೆ ಹೇಳುವವರು ಬೀಗದ ಭಾಗ ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಚಿನ್ಸ್ ಮರಳಿ ಬಂದದ್ದೇ ದೊಡ್ಡದಾಗಿ ಕಾಣುತ್ತದೆ. ಬರಲಿಕ್ಕೆ ಅವರಿಗೆ ಎಷ್ಟು ಕಷ್ಟವಾಗಿರಬೇಕು! ಊರಲ್ಲಿ ಒಂದು ಮದುವೆ ಊಟಕ್ಕೆ ಕರೆಯಲಿಲ್ಲ ಎಂದು ಇಪ್ಪತ್ತು ವರ್ಷ ಮಾತು ಬಿಟ್ಟ ಮನೆಗಳು ನಮಗೆ ಗೊತ್ತಿಲ್ಲವಾ?

ಎರಡನೆಯ ಕಥೆ ಗ್ಯಾಸ್ಟನ್ ಕ್ಯಾಶ್ವೆಲ್ ಅವರದ್ದು. ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯದ ಬಿಳಿಯ ಉಪದೇಶಿ. ಅಜೂಸಾದ ಸುದ್ದಿ ಓದಿ, 1906ರ ಕೊನೆಗೆ ಆರು ದಿನ ರೈಲಿನಲ್ಲಿ ಕೂತು ಬಂದರು. ಹೊರಡುವ ಮೊದಲು ತಮ್ಮ ಚರ್ಚಿನ ಸಮ್ಮೇಳನಕ್ಕೆ, ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ ಎಂದು ಪತ್ರವನ್ನೂ ಬರೆದು ಇಟ್ಟಿದ್ದರು. ಆದರೆ ಇಲ್ಲಿ ಬಂದು ನೋಡಿದರೆ ನಡೆಸುವವರು ಕರಿಯರು. ಪ್ರಾರ್ಥನೆಗೆ ಎದ್ದು ಹೋದಾಗ ಒಬ್ಬ ಕರಿಯ ಯುವಕ ಬಂದು ತಲೆಯ ಮೇಲೆ ಕೈಯಿಟ್ಟ. ಕ್ಯಾಶ್ವೆಲ್‌ಗೆ ಮೈಯೆಲ್ಲ ಮುದುಡಿತು. ತಡೆಯಲಾಗದೆ ಎದ್ದು ತಮ್ಮ ಕೋಣೆಗೆ ಹೋದರು.

ಇಲ್ಲಿ ನಾನು ನರ್ಸ್ ಆಗಿ ಒಂದು ಮಾತು ಹೇಳಲೇಬೇಕು. ನಮ್ಮ ಕೆಲಸವೇ ಮುಟ್ಟುವುದು. ಕೆಲವು ವರ್ಷದ ಹಿಂದೆ ಒಬ್ಬ ವಯಸ್ಸಾದ ರೋಗಿ ಇದ್ದರು. ನಾನು ಬಿ.ಪಿ. ನೋಡಲಿಕ್ಕೆ ಪಟ್ಟಿ ಕಟ್ಟಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡು, ಬೇರೆ ನರ್ಸ್ ಇಲ್ಲವಾ ಎಂದು ಕೇಳಿದರು. ಧ್ವನಿ ಏರಿಸಲಿಲ್ಲ, ಬೈಯಲಿಲ್ಲ. ಬರೀ ಕೈ ಎಳೆದುಕೊಂಡರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ಆ ರಾತ್ರಿ ಬೇರೆಯವರು ನೋಡಿಕೊಂಡರು. ಮೂರನೇ ರಾತ್ರಿ ವಾರ್ಡಿನಲ್ಲಿ ಜನ ಕಡಿಮೆ, ಅವರಿಗೆ ಉಸಿರು ಕಟ್ಟುತ್ತಿತ್ತು. ಎಬ್ಬಿಸಿ ಕೂರಿಸುವಾಗ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಕ್ಷಮೆಯಾ? ನನಗೆ ಹಾಗನಿಸುವುದಿಲ್ಲ. ಅವರಿಗೆ ಗಾಳಿ ಬೇಕಿತ್ತು, ನನ್ನದು ಕೆಲಸ.

ಕ್ಯಾಶ್ವೆಲ್ ಮಾಡಿದ್ದು ಬೇರೆ. ಅವರಿಗೆ ಉಸಿರು ಕಟ್ಟಿರಲಿಲ್ಲ. ಟಿಕೇಟು ತೆಗೆದು ಊರಿಗೆ ಹೋಗಬಹುದಿತ್ತು. ಊರಲ್ಲಿ ಯಾರೂ ತಪ್ಪು ಎನ್ನುತ್ತಿರಲಿಲ್ಲ, ಸರಿಯಾಯಿತು ಎನ್ನುತ್ತಿದ್ದರು. ಕೋಣೆಯಲ್ಲಿ ಒಬ್ಬರೇ ಕೂತು ತಮ್ಮೊಳಗಿನ ಅಸಹ್ಯದ ಜೊತೆ ಗುದ್ದಾಡಿದರು. ತನ್ನೊಳಗೆ ಏನೋ ಒಂದು ಸಾಯಬೇಕಾಗಿ ಬಂತು ಎಂಬಂತೆ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಮತ್ತೆ ಅಜೂಸಾಕ್ಕೆ ಹೋದರು. ಸೇಮೂರ್ ಅವರ ಹತ್ತಿರ, ಆ ಕರಿಯ ಯುವಕರ ಹತ್ತಿರ ತಾವಾಗಿಯೇ ಕೇಳಿದರು: ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ.

ಅವರು ಇಟ್ಟರು. ಮೊದಲು ಹೇಗೆ ಎದ್ದು ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಅಷ್ಟು ಮಾತ್ರ ಅಲ್ಲ. ಊರಿಗೆ ಹೋಗಲು ಅವರ ಹತ್ತಿರ ದುಡ್ಡು ಸಾಲದೆ ಇದ್ದಾಗ ಆ ಸಭೆಯವರೇ ಒಟ್ಟು ಮಾಡಿ ರೈಲಿನ ಖರ್ಚು ಕೊಟ್ಟು, ಒಂದು ಹೊಸ ಸೂಟನ್ನೂ ಕೊಟ್ಟು ಕಳಿಸಿದರು. ಒಗೆಯುವವರು, ಮನೆಗೆಲಸದವರು ಕೊಟ್ಟ ದುಡ್ಡು ಅದು. ಬೈಬಲಿನಲ್ಲಿ ಕೃಪೆ ಎಂಬ ಶಬ್ದ ಉಂಟಲ್ಲ, ಯೋಗ್ಯತೆ ನೋಡದೆ ಕೊಡುವುದು ಎಂದು ಪಾದ್ರಿಗಳು ಅರ್ಥ ಹೇಳುತ್ತಾರೆ. ನನಗೆ ಆ ಶಬ್ದ ಹೇಳಿದರೆ ಈಗ ಆ ಸೂಟೇ ಕಣ್ಣೆದುರು ಬರುವುದು.

ಕ್ಯಾಶ್ವೆಲ್ ಆ ಡಿಸೆಂಬರ್ 31ರಂದು ತಮ್ಮ ಊರು ಡನ್‌ನಲ್ಲಿ, ಹಳೇ ತಂಬಾಕು ಗೋದಾಮೊಂದರಲ್ಲಿ ಸಭೆ ಶುರು ಮಾಡಿದರು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ನಡುವೆ ಈ ಪಂಥ ಹರಡಿದ್ದು ಹೆಚ್ಚಾಗಿ ಅಲ್ಲಿಂದ.

ಮೂರನೆಯದು ಕಹಿ. ಹ್ಯೂಸ್ಟನ್‌ನಲ್ಲಿ ಹೊರಗೆ ಕೂರಿಸಿದ ಚಾರ್ಲ್ಸ್ ಪಾರ್ಹಮ್! ಸೇಮೂರ್ ಅವರನ್ನೇ ಗುರು ಎಂದು ಮರ್ಯಾದೆ ಕೊಟ್ಟು ಲಾಸ್ ಏಂಜಲೀಸ್‌ಗೆ ಕರೆದರು. 1906ರ ಅಕ್ಟೋಬರಿನಲ್ಲಿ ಪಾರ್ಹಮ್ ಬಂದರು. ಕರಿಯರು ಬಿಳಿಯರು ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಮೇಲೊಬ್ಬರು ಕೈಯಿಟ್ಟು ಪ್ರಾರ್ಥಿಸುವುದನ್ನು ನೋಡಿ ಅವರಿಗೆ ಹೇಸಿಗೆಯಾಯಿತು. ಪೀಠದಿಂದಲೇ ಬೈದರು. ಅಜೂಸಾದ ಹಿರಿಯರು ಹೊರಗೆ ಹೋಗಿ ಎಂದರು. ಅವರು ಹತ್ತಿರದ ಇನ್ನೊಂದು ಹಾಲಿನಲ್ಲಿ ಎದುರು ಸಭೆ ಹಾಕಿದರು, ಬೆಳೆಯಲಿಲ್ಲ. ಮುಂದೆ ವರ್ಷಗಟ್ಟಲೆ ಅಜೂಸಾದ ಬಗ್ಗೆ ಬಾಯಿಗೆ ಬಂದಂತೆ ಬರೆದರು. ಅಜೂಸಾದ ಪತ್ರಿಕೆ ಮರಳಿ ಬೈಯಲಿಲ್ಲ. ಪಾರ್ಹಮ್ ಇಲ್ಲಿಯ ನಾಯಕರಲ್ಲ, ನಾಯಕ ದೇವರೇ, ಅವಸರಪಟ್ಟು ಮನುಷ್ಯನನ್ನು ಆ ಜಾಗದಲ್ಲಿ ಕೂರಿಸಲು ಹೋದೆವು ಎಂಬಷ್ಟು ಹೇಳಿ ಮುಂದೆ ಹೋಯಿತು. ಸೇಮೂರ್ ಕಾಲಕ್ರಮೇಣ ತಮ್ಮ ಗುರುವಿನ ಪಾಠವನ್ನೇ ತಿದ್ದಿಕೊಂಡರು. ಅನ್ಯಭಾಷೆ ಮಾತಾಡಿದರೆ ಸಾಲದು, ಪ್ರೀತಿ ಇಲ್ಲದಿದ್ದರೆ ಪವಿತ್ರಾತ್ಮ ಬಂದದ್ದಕ್ಕೆ ಗುರುತಿಲ್ಲ ಎಂದರು. ಪಾರ್ಹಮ್ ಅನ್ಯಭಾಷೆ ಮಾತಾಡಬಲ್ಲವರು ಎಂಬುದನ್ನು ಮರೆಯಬೇಡಿ.

ಅಂದರೆ ಪೆಟ್ಟು ತಿಂದವರು ಕ್ಷಮಿಸಿದರು ಎಂದಾಕ್ಷಣ ಎಲ್ಲ ಸಹಿಸಿದರು ಎಂದಲ್ಲ ಚಿಕ್ಕಮ್ಮ. ಹಚಿನ್ಸ್‌ಗೆ ಬಾಗಿಲು ತೆರೆದದ್ದು ಇದೇ ಜನ, ಪಾರ್ಹಮ್‌ಗೆ ಬಾಗಿಲು ತೋರಿಸಿದ್ದೂ ಇದೇ ಜನ.

ಇನ್ನು ನಮ್ಮ ಊರಿನವರಿಗೆ ಆಶ್ಚರ್ಯವಾಗುವ ಒಂದು ವಿಷಯ. ಅಜೂಸಾದ ಪತ್ರಿಕೆ ಆ ದಿನಗಳಲ್ಲಿ ಭಾರತದ ಸುದ್ದಿಯನ್ನೂ ಹಾಕುತ್ತಿತ್ತು. ಅಜೂಸಾ ಶುರುವಾಗುವ ಮೊದಲೇ, 1905ರ ಜೂನಿನಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ಇಂಥದ್ದೇ ಜಾಗೃತಿ ನಡೆದಿತ್ತು. ಬಾರ್ಟಲ್‌ಮನ್ ಭಾರತವನ್ನೂ ಈ ಕಥೆಯ ಒಂದು ಮೂಲವೆಂದೇ ಎಣಿಸಿದ್ದಾರೆ. ಮುಕ್ತಿ ಮಿಷನ್ ಕಟ್ಟಿದ್ದು ಪಂಡಿತಾ ರಮಾಬಾಯಿ. ಅವರು ಯಾರ ಮಗಳು? ನಮ್ಮ ಕಾರ್ಕಳದ ಮಾಳದ ಚಿತ್ಪಾವನ ಮನೆತನದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು! ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂದು ಶಾಸ್ತ್ರಿಗಳ ಮೇಲೆ ತಮ್ಮವರೇ ಮುನಿಸಿಕೊಂಡರು. ಅವರು ಘಟ್ಟ ಹತ್ತಿ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಮುಂದೆ ಕ್ರೈಸ್ತರಾದರು, ಬರಗಾಲದಲ್ಲಿ ಹಸಿದು ಬಿದ್ದ ಹೆಣ್ಣುಮಕ್ಕಳನ್ನು ಜಾತಿ ನೋಡದೆ ಎತ್ತಿ ತಂದು ಕೇಡಗಾಂವ್‌ನಲ್ಲಿ ಸಾಕಿದರು. 1910ರ ದಶಕದಲ್ಲಿ ಅವರ ಶಿಕ್ಷಣದ ಕೆಲಸ ಕಲಬುರಗಿಗೂ ಬಂತು. ರಮಾಬಾಯಿಯವರೂ ಸೇಮೂರ್ ಅವರೂ ತೀರಿಕೊಂಡದ್ದು ಒಂದೇ ವರ್ಷ, 1922. ಅವರು ಏಪ್ರಿಲಿನಲ್ಲಿ, ಇವರು ಸೆಪ್ಟೆಂಬರಿನಲ್ಲಿ.

ಅಜೂಸಾದಿಂದ ಆಲ್ಫ್ರೆಡ್ ಮತ್ತು ಲಿಲಿಯನ್ ಗಾರ್ ಎಂಬ ಬಿಳಿಯ ದಂಪತಿ ನಮ್ಮ ದೇಶಕ್ಕೂ ಬಂದರು, ಕೋಲ್ಕತ್ತಾಕ್ಕೆ. ತಾನು ಪ್ರಾರ್ಥನೆಯಲ್ಲಿ ಮಾತಾಡಿದ್ದು ಬಂಗಾಳಿ ಎಂದು ಗಾರ್ ನಂಬಿದ್ದರು. ಬಂದು ನೋಡಿದರೆ ಬಂಗಾಳಿಗಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಮನುಷ್ಯ ನಾಚಿ ಓಡಲಿಲ್ಲ, ಹಾಗೆ ಭಾಷೆ ಸಿಗುವುದಿಲ್ಲ ಎಂದು ಒಪ್ಪಿಕೊಂಡು ಕೆಲಸ ಮುಂದುವರಿಸಿದರು. ನನಗೆ ಈ ಗಾರ್ ಮೇಲೆ ಒಂದು ಪ್ರೀತಿ. ನಾನು ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ ಇಲ್ಲಿಗೆ ಬಂದ ಮೊದಲ ತಿಂಗಳು ರೋಗಿಗಳ ಮಾತು ಅರ್ಥವಾಗದೆ ಬಾತ್‌ರೂಮಿನಲ್ಲಿ ಅತ್ತದ್ದು ಅಮ್ಮನಿಗೆ ಗೊತ್ತುಂಟು.

ಇಷ್ಟಕ್ಕೇ ನಿಲ್ಲಿಸಿದರೆ ಚೆಂದ. ಆದರೆ ಅಜೂಸಾ ಒಡೆಯಿತು.

1908ರ ಮೇಯಲ್ಲಿ ಸೇಮೂರ್ ಜೆನ್ನಿ ಇವಾನ್ಸ್ ಮೂರ್ ಅವರನ್ನು ಮದುವೆಯಾದರು. ಪತ್ರಿಕೆಯ ಕೆಲಸ ನೋಡುತ್ತಿದ್ದ ಕ್ಲಾರಾ ಲಮ್ ಎಂಬ ಬಿಳಿಯ ಮಹಿಳೆ ಅದಾದ ಮೇಲೆ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೊರಟುಹೋದರು, ಹೋಗುವಾಗ ಚಂದಾದಾರರ ವಿಳಾಸ ಪಟ್ಟಿ ಸಹ ಹೋಯಿತು. ಸಾವಿರಾರು ಮನೆಗಳಿಗೆ ಹೋಗುತ್ತಿದ್ದ ಪತ್ರಿಕೆ ಅಜೂಸಾದ ಕೈ ತಪ್ಪಿತು. 1911ರಲ್ಲಿ ಸೇಮೂರ್ ಊರಲ್ಲಿಲ್ಲದಾಗ ಷಿಕಾಗೊದ ವಿಲಿಯಂ ಡರ್ಹಮ್ ಬಂದು ಉಪದೇಶ ಮಾಡಿ ಜನರನ್ನು ತಮ್ಮ ಕಡೆ ಸೆಳೆದರು. ಸೇಮೂರ್ ಮರಳಿ ಬಂದು ಬಾಗಿಲಿಗೆ ಬೀಗ ಹಾಕಿಸಿದರು. ಹೌದು, ಬೀಗ. ಐದು ವರ್ಷದ ಹಿಂದೆ ತಮಗೆ ಹಾಕಿದಂಥದ್ದೇ. ಡರ್ಹಮ್ ಹೋಗುವಾಗ ಹೆಚ್ಚಿನವರು ಅವರ ಹಿಂದೆಯೇ ಹೋದರು. 1914ರ ಏಪ್ರಿಲಿನಲ್ಲಿ ಅರ್ಕಾನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಬಿಳಿಯ ಉಪದೇಶಿಗಳು ಸೇರಿ ಅಸೆಂಬ್ಲೀಸ್ ಆಫ್ ಗಾಡ್ ಎಂಬ ದೊಡ್ಡ ಸಂಘ ಕಟ್ಟಿದರು. ಕರಿಯರು ಚಾರ್ಲ್ಸ್ ಮೇಸನ್ ಅವರ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನಲ್ಲಿ ಉಳಿದರು. ಮೇಸನ್ 1907ರಲ್ಲಿ ಅಜೂಸಾಕ್ಕೆ ಬಂದು ಐದು ವಾರ ಇದ್ದವರು, ಬಿಳಿಯ ಪಾಸ್ಟರ್‌ಗಳಿಗೂ ದೀಕ್ಷೆ ಕೊಟ್ಟವರು. ಅಳಿಸಿದ ಗೆರೆಯನ್ನು ಮತ್ತೆ ಎಳೆಯಲು ಎಂಟೇ ವರ್ಷ ಸಾಕಾಯಿತು.

1915ರಲ್ಲಿ ಸೇಮೂರ್ ತಮ್ಮ ಸಭೆಗೆ ನಿಯಮಗಳ ಪುಸ್ತಕ ಅಚ್ಚು ಹಾಕಿಸಿದರು. ಅದರಲ್ಲಿ ಮುಖ್ಯ ಸ್ಥಾನಗಳು ಕರಿಯರಿಗೆ ಮಾತ್ರ. ಇದನ್ನು ಓದಿದ ಕೆಲವರು, ನೋಡಿ, ಅವರೂ ಕಡೆಗೆ ಹಾಗೆಯೇ ಆದರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಪುಸ್ತಕದಲ್ಲಿ ಬಿಳಿಯ ಅಣ್ಣತಮ್ಮಂದಿರು ಅಕ್ಕತಂಗಿಯರು ನಮ್ಮ ಸಭೆಗೆ ಸಂಕೋಚವಿಲ್ಲದೆ ಬರಬೇಕು, ಕೆಲವರಿಂದ ನಮಗೆ ತೊಂದರೆ ಆಗಿದ್ದರೂ ಅವರನ್ನು ಪ್ರೀತಿಸಬೇಕು ಎಂದೂ ಬರೆದಿದ್ದಾರೆ. ಒಡೆಯುವ ಬುದ್ಧಿ ನಮ್ಮವರಿಗೂ ಅಂಟಿತು ಎಂದೂ ಸೇರಿಸಿದ್ದಾರೆ. ಮೂರು ಸಲ ಮನೆ ಕಳೆದುಕೊಂಡವನು ಬೀಗದ ಕೈ ತನ್ನ ಸೊಂಟದಲ್ಲಿ ಇಟ್ಟುಕೊಂಡರೆ ತಪ್ಪೇನು? ಬಾಗಿಲು ತೆರೆದೇ ಇತ್ತು. ಕ್ಷಮಿಸಿದವನು ತನ್ನ ಮನೆಯ ಪತ್ರವನ್ನೂ ಬರೆದುಕೊಡಬೇಕು ಎಂಬುದು ಪೆಟ್ಟು ಕೊಟ್ಟವರು ಹೇಳುವ ಮಾತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಗಳ ಸಂಬಂಧಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಇಲ್ಲಿ ರಕ್ತ ಹರಿಯಲಿಲ್ಲ. ವಿಳಾಸ ಪಟ್ಟಿ, ಹೊಸ ಸಂಘ, ಹೊಸ ಹಾಲು ಇಷ್ಟರಲ್ಲೇ ಸದ್ದಿಲ್ಲದೆ ಮುಗಿಯಿತು.

1922ರ ಸೆಪ್ಟೆಂಬರ್ 28ರಂದು ಸೇಮೂರ್ ಹೃದಯಾಘಾತದಿಂದ ತೀರಿಕೊಂಡರು, 52 ವರ್ಷ. ಆಗ ಸಭೆಯಲ್ಲಿ ಉಳಿದಿದ್ದವರು ಬೆರಳೆಣಿಕೆಯ ಜನ. ಪೂರ್ವ ಲಾಸ್ ಏಂಜಲೀಸ್‌ನ ಎವರ್‌ಗ್ರೀನ್ ಸ್ಮಶಾನದಲ್ಲಿ ಅವರ ಸಮಾಧಿ ಉಂಟು. ಜೆನ್ನಿ 1931ರ ವರೆಗೆ ಸಭೆ ನಡೆಸಿದರು. ಆ ವರ್ಷ ಕಟ್ಟಡ ಕೈ ತಪ್ಪಿ, ಕೆಡವಲಾಯಿತು.

1948ರಲ್ಲಿ ಅಮೆರಿಕದ ಪೆಂಟೆಕೋಸ್ಟಲ್ ಚರ್ಚುಗಳು ಒಂದು ಒಕ್ಕೂಟ ಮಾಡಿದವು. ಬಿಳಿಯರ ಚರ್ಚುಗಳು ಮಾತ್ರ. ಹುಟ್ಟಿಸಿದವರೇ ಹೊರಗೆ! ಇದು ಸರಿಯಾಗಲು 1994 ಬೇಕಾಯಿತು. ಆ ಅಕ್ಟೋಬರಿನಲ್ಲಿ ಟೆನೆಸಿಯ ಮೆಂಫಿಸ್‌ನಲ್ಲಿ ಎರಡೂ ಕಡೆಯವರು ಸೇರಿದರು. 18ನೇ ತಾರೀಕು ಡೊನಾಲ್ಡ್ ಎವಾನ್ಸ್ ಎಂಬ ಬಿಳಿಯ ಪಾಸ್ಟರ್ ಒಂದು ಬೋಗುಣಿ ನೀರು ಹಿಡಿದು ವೇದಿಕೆಗೆ ಹೋಗಿ, ಕರಿಯರ ಚರ್ಚಿನ ಬಿಷಪ್ ಇಥಿಯಲ್ ಕ್ಲೆಮನ್ಸ್ ಅವರ ಮುಂದೆ ಮೊಣಕಾಲೂರಿ, ಅಳುತ್ತ ಅವರ ಕಾಲು ತೊಳೆದು, ಹಿಂದಿನವರು ಮಾಡಿದ್ದಕ್ಕೆ ಕ್ಷಮೆ ಕೇಳಿದರು. ಆಮೇಲೆ ನಮ್ಮ ಲಾಸ್ ಏಂಜಲೀಸ್‌ನ ಕರಿಯ ಬಿಷಪ್ ಚಾರ್ಲ್ಸ್ ಬ್ಲೇಕ್ ಎದ್ದು ಬಂದು ಅಸೆಂಬ್ಲೀಸ್ ಆಫ್ ಗಾಡ್‌ನ ಮುಖ್ಯಸ್ಥ ಥಾಮಸ್ ಟ್ರಾಸ್ಕ್ ಅವರ ಕಾಲು ತೊಳೆದರು. ಬಿಳಿಯರ ಹಳೇ ಒಕ್ಕೂಟವನ್ನು ಬರಖಾಸ್ತು ಮಾಡಿ ಹೊಸದು ಕಟ್ಟಿದರು. ಅಧ್ಯಕ್ಷರಾಗಿ ಕ್ಲೆಮನ್ಸ್ ಅವರನ್ನೇ ಆರಿಸಿದರು.

ಬರೀ ಕಾಲು ತೊಳೆದು ಹೋಗಿದ್ದರೆ ನಾನು ಇದನ್ನು ನಾಟಕ ಎನ್ನುತ್ತಿದ್ದೆನೋ ಏನೋ. ಅಧ್ಯಕ್ಷರ ಕುರ್ಚಿ ಬಿಟ್ಟುಕೊಟ್ಟದ್ದು ನಾಟಕ ಅಲ್ಲ. ಹಾಗೆಂದು ಭಾನುವಾರ ಇಲ್ಲಿಯ ಚರ್ಚುಗಳಿಗೆ ಹೋದರೆ ಇಂದೂ ಬಿಳಿಯರದ್ದು ಬೇರೆ, ಕರಿಯರದ್ದು ಬೇರೆ, ಕೊರಿಯಾದವರದ್ದು ಬೇರೆ, ಮಲಯಾಳಿಗಳದ್ದು ಬೇರೆ. ನಮ್ಮ ಅತ್ತೂರು ಜಾತ್ರೆಯಲ್ಲಿ ಮೊಂಬತ್ತಿ ಹಚ್ಚುವಾಗ ಯಾರೂ ಯಾರ ಜಾತಿ ಕೇಳುವುದಿಲ್ಲ ಎಂದು ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಆದರೆ ಅದು ವರ್ಷಕ್ಕೆ ಕೆಲವು ದಿನ. ಅಜೂಸಾದವರು ದಿನಕ್ಕೆ ಮೂರು ಸಲ, ಮೂರು ವರ್ಷ ಮಾಡಿದರು.

ಈಗ ಆ ಜಾಗದಲ್ಲಿ ಜಪಾನೀ ಸಾಂಸ್ಕೃತಿಕ ಕೇಂದ್ರದ ಅಂಗಳ ಉಂಟು, ಗೋಡೆಯಲ್ಲಿ ಒಂದು ಫಲಕ. ಬಾನಿ ಬ್ರೇ ಬೀದಿಯ ಮನೆ ಮಾತ್ರ ಇನ್ನೂ ನಿಂತಿದೆ; ಕುಸಿದ ಜಗಲಿಯನ್ನು ಮತ್ತೆ ಕಟ್ಟಿದ್ದಾರೆ. ಡಿಸೆಂಬರಿನಲ್ಲಿ ಅಕ್ಕ ಭಾವ ಬರುವಾಗ ಕರೆದುಕೊಂಡು ಹೋಗುತ್ತೇನೆ. ಚಿಕ್ಕಮ್ಮ, ವೀಸಾ ಆದರೆ ನೀವೂ ಬನ್ನಿ. ಮುಂದಿನ ಪತ್ರ ಲಿಟಲ್ ಟೋಕಿಯೊದ ಬಗ್ಗೆ: ಯುದ್ಧದ ಕಾಲದಲ್ಲಿ ಅಲ್ಲಿಯ ಜಪಾನೀಯರನ್ನು ಮನೆಯಿಂದ ಎಬ್ಬಿಸಿ ಬೇಲಿಯೊಳಗೆ ಹಾಕಿದ ಕಥೆ.